ವಿದ್ಯುತ್ ಕಾರಿಗೆ ಮನೆಯಲ್ಲೇ ಚಾರ್ಜರ್: ಮೊದಲು ಬಿಲ್ಲು ನೋಡಿ

ವಿದ್ಯುತ್ ವಾಹನಗಳಿಗಾಗಿಯೇ ಒಂದು ನೀತಿಯನ್ನು ದೇಶದಲ್ಲೇ ಮೊದಲು ಪ್ರಕಟಿಸಿದ ರಾಜ್ಯ ಕರ್ನಾಟಕ. ಅದು 2017ರ ಮಾತು. ಅಂದು ಬೆಂಗಳೂರಿಗೆ ಸೀಮಿತವೆನಿಸಿದ್ದ ವಿದ್ಯುತ್ ಕಾರು ಈಗ ಹಳ್ಳಿಗಳತ್ತಲೂ ಮುಖ ಮಾಡಿದೆ. ಮನೆಗೆ ಈಗಾಗಲೇ ಇರುವ ಸಂಪರ್ಕದಿಂದಲೇ ಕಾರನ್ನು ಚಾರ್ಜ್ ಮಾಡಿಕೊಳ್ಳಲು ಕೇಂದ್ರ ಸರ್ಕಾರದ ಮಾರ್ಗಸೂಚಿ ಅವಕಾಶ ನೀಡಿದೆ. ಆದರೆ ಎಂಥ ಚಾರ್ಜರ್ ಬೇಕೆಂಬುದನ್ನು ಮಾರಾಟಗಾರರ ಮಾತಿನಿಂದಲ್ಲ, ನಿಮ್ಮ ಮನೆಯ ವಿದ್ಯುತ್ ಬಿಲ್ಲಿನಿಂದ ನಿರ್ಧರಿಸಬೇಕು.

ಯಾವ ಚಾರ್ಜರ್?

ಮನೆಗಳಿಗೆ ಸಾಮಾನ್ಯವಾಗಿ ಎರಡು ಬಗೆಯವು ಸಿಗುತ್ತವೆ. 16 ಆಂಪಿಯರ್ ಸಾಕೆಟ್ಟಿಗೆ ಹಾಕುವ 3.3 ಕಿಲೋವ್ಯಾಟಿನದು ಒಂದು. ಗೋಡೆಗೆ ಕೂರಿಸುವ 7.2 ಕಿಲೋವ್ಯಾಟಿನದು ಇನ್ನೊಂದು. ಎರಡನೆಯದು ಬೇಗ ಚಾರ್ಜ್ ಮಾಡುತ್ತದೆ, ನಿಜ. ಆದರೆ ಅದು 31 ಆಂಪಿಯರಿನಷ್ಟು ವಿದ್ಯುತ್ ಎಳೆಯುತ್ತದೆ. ಹಳ್ಳಿಯ ಎಷ್ಟೋ ಮನೆಗಳ ತಂತಿ ಅದನ್ನು ತಾಳದು.

ದಿನಕ್ಕೆ 30 ಕಿಲೋಮೀಟರ್ ಓಡಿಸುವವರಿಗೆ ಬೇಕಾಗುವುದು ಸುಮಾರು 5 ಯೂನಿಟ್. ಸಣ್ಣ ಚಾರ್ಜರ್ ಎರಡು ಗಂಟೆಯೊಳಗೆ ಅಷ್ಟನ್ನು ತುಂಬುತ್ತದೆ. ರಾತ್ರಿಯಿಡೀ ನಿಲ್ಲುವ ಕಾರಿಗೆ ದುಬಾರಿ ಚಾರ್ಜರ್ ಏಕೆ?

ಗೃಹಜ್ಯೋತಿಯ ಲೆಕ್ಕ

2023ರಲ್ಲಿ ಆರಂಭವಾದ ಗೃಹಜ್ಯೋತಿಯಡಿ ಎಲ್ಲರಿಗೂ 200 ಯೂನಿಟ್ ಉಚಿತವಲ್ಲ. ನಿಮ್ಮ ಹಿಂದಿನ ಸರಾಸರಿ 70 ಯೂನಿಟ್ ಆಗಿದ್ದರೆ, ಶೇ. 10 ಸೇರಿಸಿ 77 ಯೂನಿಟ್ ಮಾತ್ರ ಉಚಿತ. ಅದಕ್ಕಿಂತ ಹೆಚ್ಚು ಬಳಸಿದರೆ ಹೆಚ್ಚಿನದಕ್ಕೆ ಹಣ ಕಟ್ಟಬೇಕು. 200 ದಾಟಿದರೆ ಇಡೀ ಬಿಲ್ಲೇ ನಿಮ್ಮದು.

ತಿಂಗಳಿಗೆ 900 ಕಿಲೋಮೀಟರ್ ಓಡುವ ಕಾರಿಗೆ 150 ಯೂನಿಟ್ ಬೇಕು. ಮನೆಯ 70 ಸೇರಿದರೆ 220. ಶೂನ್ಯ ಬಿಲ್ಲು ಬರುತ್ತಿದ್ದ ಮನೆಗೆ ಪೂರ್ತಿ 220 ಯೂನಿಟ್ಟಿನ ಬಿಲ್ಲು ಬರುತ್ತದೆ. 600 ಕಿಲೋಮೀಟರ್ ಓಡಿಸಿದರೆ ಒಟ್ಟು 170. ಆಗ 93 ಯೂನಿಟ್ಟಿಗೆ ಮಾತ್ರ ಹಣ. ವಿದ್ಯುತ್ ವಾಹನ ಚಾರ್ಜಿಂಗಿಗೆ ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಪ್ರತ್ಯೇಕ ದರ ಗೊತ್ತುಮಾಡಿದೆ. ಹೆಚ್ಚು ಓಡಾಟವಿರುವವರು ಕಾರಿಗೆ ಬೇರೆ ಮೀಟರ್ ಪಡೆಯುವ ಬಗ್ಗೆ ವಿದ್ಯುತ್ ಕಂಪನಿಯ ಶಾಖಾ ಕಚೇರಿಯಲ್ಲಿ ವಿಚಾರಿಸುವುದು ಲೇಸು.

ಪಂಪ್‌ಸೆಟ್ ಲೈನ್ ಬೇಡ

ತೋಟದ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ ಇದೆಯಲ್ಲ, ಅಲ್ಲಿಂದಲೇ ಕಾರಿಗೂ ಒಂದು ತಂತಿ ಎಳೆದರಾಯಿತು ಎಂಬ ಯೋಚನೆ ಬರಬಹುದು. ಇದು ತಪ್ಪು. 10 ಎಚ್.ಪಿ.ವರೆಗಿನ ಪಂಪುಗಳಿಗೆ ಸರ್ಕಾರ ಹಣ ಭರಿಸುವುದು ನೀರಾವರಿಗೆಂದು. ಬೇರೆ ಕೆಲಸಕ್ಕೆ ಬಳಸುವುದು ಕಾನೂನಿನ ಪ್ರಕಾರ ದುರ್ಬಳಕೆಯಾಗುತ್ತದೆ, ದಂಡ ತೆರಬೇಕಾಗುತ್ತದೆ. ಜೊತೆಗೆ ಆ ಲೈನಿನ ವೋಲ್ಟೇಜ್ ಏರಿಳಿತದಿಂದ ಚಾರ್ಜರ್ ಕೆಡುವ ಭಯವೂ ಉಂಟು.

ತಂತಿ ಮತ್ತು ಅರ್ಥಿಂಗ್

ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟೆಂದು ನೋಡಿ. ಅದು 1 ಕಿಲೋವ್ಯಾಟ್ ಇದ್ದರೆ, ಸಣ್ಣ ಚಾರ್ಜರಿಗೂ ಲೋಡ್ ಹೆಚ್ಚಿಸಿಕೊಳ್ಳಲು ಅರ್ಜಿ ಹಾಕಬೇಕು. ಮೀಟರ್ ಬೋರ್ಡಿನಿಂದ ಚಾರ್ಜರಿಗೆಂದೇ 4 ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆಸಿ. ಅದಕ್ಕೆ ಪ್ರತ್ಯೇಕ ಎಂ.ಸಿ.ಬಿ. ಮತ್ತು ಶಾಕ್ ತಡೆಯುವ ಆರ್.ಸಿ.ಸಿ.ಬಿ. ಇರಲಿ. ಅರ್ಥಿಂಗ್ ಸರಿಯಿಲ್ಲದಿದ್ದರೆ ಅನೇಕ ಚಾರ್ಜರುಗಳು ಚಾಲೂ ಆಗುವುದೇ ಇಲ್ಲ. ಎಕ್ಸ್‌ಟೆನ್ಷನ್ ಬೋರ್ಡಿಗಂತೂ ಹಾಕಲೇಬೇಡಿ. ಗಂಟೆಗಟ್ಟಲೆ ಹರಿಯುವ ವಿದ್ಯುತ್ತಿಗೆ ಸಡಿಲ ಸಾಕೆಟ್ ಕಾದು ಬೆಂಕಿ ಹತ್ತಬಹುದು. ಹುಲ್ಲು, ಸೌದೆ ಇರುವ ಕೊಟ್ಟಿಗೆಯ ಪಕ್ಕದಲ್ಲಿ ಚಾರ್ಜರ್ ಕೂರಿಸುವುದು ಬೇಡ.

ಮೊದಲು ಬಿಲ್ಲು, ಆಮೇಲೆ ತಂತಿ, ಕೊನೆಗೆ ಚಾರ್ಜರ್. ಈ ಕ್ರಮದಲ್ಲಿ ಮುಂದುವರಿದರೆ ಹಣವೂ ಉಳಿಯುತ್ತದೆ, ಮನೆಗೆ ಅಪಾಯವೂ ಇರದು.