ಕೇಳುವ ಲೇಖನಿ

ರೋಗಿಯ ಮಾತನ್ನು ಕೇಳುತ್ತಲೇ ಬರೆದುಕೊಳ್ಳುವುದು ವೈದ್ಯವೃತ್ತಿಯ ಹಳೆಯ ಕಷ್ಟಗಳಲ್ಲೊಂದು. ಮುಖ ನೋಡಿದರೆ ಬರಹ ನಿಲ್ಲುತ್ತದೆ. ಬರೆಯಹೊರಟರೆ ಮುಖ ತಪ್ಪುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳಂಥ ಊರುಗಳಲ್ಲಿ, ಬಾಗಿಲಾಚೆ ಜನ ಕಾದು ಕುಳಿತಿರುವಾಗ, ಚೀಟಿಯ ಮೇಲೆ ಎರಡು ಸಾಲು ಮೂಡಿದರೆ ಹೆಚ್ಚು.

ಇದಕ್ಕೆ ಪರಿಹಾರವೆಂದು ಈಗ ಕೃತಕ ಬುದ್ಧಿಮತ್ತೆಯ ಲಿಪಿಕಾರನು ಬಂದಿದ್ದಾನೆ. ಮೇಜಿನ ಮೇಲಿನ ಫೋನು ಸಂಭಾಷಣೆಯನ್ನು ಕೇಳಿ, ಅಕ್ಷರಕ್ಕಿಳಿಸಿ, ರೋಗಲಕ್ಷಣ, ತಪಾಸಣೆ, ಔಷಧವೆಂದು ವಿಂಗಡಿಸಿ ಟಿಪ್ಪಣಿಯನ್ನು ಸಿದ್ಧಪಡಿಸುತ್ತದೆ. ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆಯು 2025ರಲ್ಲಿ ಇದರ ಬಳಕೆಗೆ ಮಾರ್ಗಸೂಚಿಯನ್ನೇ ಹೊರಡಿಸಿತು. ವೈದ್ಯರ ಕಣ್ಣು ಮರಳಿ ರೋಗಿಯ ಕಡೆಗೆ ತಿರುಗುವುದಾದರೆ ಅದೇನೂ ಸಣ್ಣ ಲಾಭವಲ್ಲ.

ಆದರೆ ಈ ಲಿಪಿಕಾರನಿಗೆ ಒಂದು ದುರಭ್ಯಾಸವುಂಟು: ಮೌನವನ್ನು ಅವನು ಸಹಿಸಲಾರ. ಧ್ವನಿಯನ್ನು ಬರಹಕ್ಕಿಳಿಸುವ 'ವಿಸ್ಪರ್' ಎಂಬ ಪ್ರಸಿದ್ಧ ಸಾಧನವನ್ನು ಅಮೆರಿಕದ ಸಂಶೋಧಕರು ಪರೀಕ್ಷಿಸಿ 2024ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ನೂರರಲ್ಲಿ ಸುಮಾರು ಒಂದು ಧ್ವನಿತುಣುಕಿನ ಬರಹದಲ್ಲಿ ಯಾರೂ ಆಡದ ಮಾತುಗಳು ಸೇರಿಕೊಂಡಿದ್ದವು. ನಡುನಡುವೆ ತಡೆದು ಮಾತನಾಡುವವರಲ್ಲಿ ಈ ದೋಷ ಹೆಚ್ಚಾಗಿತ್ತು. ಅದಾದರೂ ಇಂಗ್ಲಿಷಿನ ಪರೀಕ್ಷೆ.

ಮಂಡ್ಯದ ಸೀಮೆಯ ವೃದ್ಧರೊಬ್ಬರು ಕೊಂಚ ತಡೆದು, "ಬಿ.ಪಿ. ಮಾತ್ರೆ ಬುಟ್ಬುಟ್ಟೆ, ಡಾಕ್ಟ್ರೇ" ಎಂದರೆನ್ನಿ. ಪುಸ್ತಕದ ಕನ್ನಡವನ್ನಷ್ಟೇ ಕಲಿತ ಯಂತ್ರಕ್ಕೆ ಅಲ್ಲಿ ಬುಟ್ಟಿಯೇ ಕೇಳಿಸೀತು. ತಿಳಿಯದುದನ್ನು ಕೈಬಿಟ್ಟು, ಮಾತ್ರೆ ಸೇವಿಸುತ್ತಿದ್ದಾರೆಂದು ಬರೆದೀತು. ಆ ಚೀಟಿಯೊಡನೆ ಅವರು ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೋ, ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಆದಿಚುಂಚನಗಿರಿ ಆಸ್ಪತ್ರೆಗೋ ಹೋದಾಗ, ಏರಿದ ರಕ್ತದೊತ್ತಡವನ್ನು ಕಂಡ ಬೇರೊಬ್ಬ ವೈದ್ಯರು ಔಷಧ ಸಾಲದೆಂದು ಬಗೆದು ಪ್ರಮಾಣವನ್ನು ಹೆಚ್ಚಿಸಬಹುದು. ವೈದ್ಯರ ಗೀಚುಬರಹವು ಓದುವವರಲ್ಲಿ ಸಂದೇಹವನ್ನಾದರೂ ಹುಟ್ಟಿಸುತ್ತಿತ್ತು. ಅಚ್ಚುಕಟ್ಟಾದ ಅಕ್ಷರವು ತಪ್ಪನ್ನೂ ನಂಬಿಸುತ್ತದೆ.

ಇನ್ನು, ಮಾತ್ರೆ ಬಿಡಲು ಕಾರಣವೇನು? ಕೈಯಲ್ಲಿ ಕಾಸಿರಲಿಲ್ಲವೋ, ತಲೆ ಸುತ್ತು ಬಂದಿತ್ತೋ, ನೆರೆಯವರು ಬೇಡವೆಂದಿದ್ದರೋ? ಉತ್ತರವಿರುವುದು ಆ ವೃದ್ಧರು ತಡೆದ ಗಳಿಗೆಯಲ್ಲಿ. ಅದನ್ನು ಗುರುತಿಸಿ, "ಯಾಕೆ ಬಿಟ್ಟಿರಿ, ಯಜಮಾನರೇ?" ಎಂದು ಕೇಳಬೇಕಾದವರು ವೈದ್ಯರೇ.

ಆದ್ದರಿಂದ ಯಂತ್ರವನ್ನು ಹೊರಗಟ್ಟುವ ಅಗತ್ಯವಿಲ್ಲ. ಅದಕ್ಕೊಂದು ಶಿಸ್ತು ಬೇಕು, ಅಷ್ಟೆ. ಮಾತು ಆರಂಭಿಸುವ ಮುನ್ನ ರೋಗಿಯ ಒಪ್ಪಿಗೆ ಪಡೆಯುವುದು; ಮುಗಿದ ಮೇಲೆ, ಬರೆದುದನ್ನು ಅವರಿಗೆ ತಿಳಿಯುವ ಕನ್ನಡದಲ್ಲಿ ಓದಿ ಹೇಳಿ, ತಿದ್ದಿ, ಅನಂತರವೇ ಸಹಿ ಹಾಕುವುದು. ಯಂತ್ರವು ಉಳಿಸಿಕೊಟ್ಟ ಸಮಯದಲ್ಲಿ ಒಂದು ನಿಮಿಷವನ್ನು ಇದಕ್ಕೆ ಮೀಸಲಿಟ್ಟರೆ ಸಾಕು. ಬರೆದವರು ಯಾರೇ ಆಗಲಿ, ಸಹಿ ವೈದ್ಯರದು, ನೋವು ರೋಗಿಯದು.