ಐವತ್ತರ ಮೇಲೆ ಆರುನೂರೈವತ್ತು

ಕಳೆದ ತಿಂಗಳು ನಮ್ಮ ಶಾಲೆಯ ರಕ್ಷಕ–ಶಿಕ್ಷಕ ಸಂಘದ ಸಭೆ ಮುಗಿದ ಮೇಲೆ ಹೆತ್ತವರು ಎಂದಿನಂತೆ ಕೂಡಲೇ ಚದುರಲಿಲ್ಲ. ಗಂಡಸರೆಲ್ಲರೂ ಅಂಗಳದ ಮಾವಿನ ಮರದಡಿ ಗುಂಪು ಕಟ್ಟಿ ನಿಂತಿದ್ದರು. ಎಂಟನೆಯ ತರಗತಿಯ ಹುಡುಗಿಯೊಬ್ಬಳ ತಂದೆ, ಹೆಚ್ಚು ಕಡಿಮೆ ನನ್ನ ಪ್ರಾಯದವರು, ಹೊಸ ಮೋಟಾರ್ ಸೈಕಲೊಂದನ್ನು ತಂದು ನಿಲ್ಲಿಸಿದ್ದರು. ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್, 650 ಸಿಸಿ. ಮಕ್ಕಳ ಹಾಜರಿಯ ಬಗ್ಗೆ, ಕನ್ನಡ ಪಠ್ಯಪುಸ್ತಕಗಳು ತಡವಾಗಿ ಬರುವ ಬಗ್ಗೆ ಒಂದು ಗಂಟೆ ಕಾಲ ಮಾತನಾಡಿದಾಗ ಆಕಳಿಸುತ್ತಿದ್ದ ಮುಖಗಳು ಅಲ್ಲಿ ಅರಳಿ ನಿಂತಿದ್ದವು. ಒಬ್ಬರು ಟ್ಯಾಂಕನ್ನು ಸವರಿದರು, ಇನ್ನೊಬ್ಬರು ಬಗ್ಗಿ ಇಂಜಿನಿನ ಜೋಡಿ ಸಿಲಿಂಡರುಗಳನ್ನು ನೋಡಿದರು. "ಮಾಷ್ಟ್ರೇ, ಒಮ್ಮೆ ಕುಳಿತು ನೋಡಿ" ಎಂದರು ಯಜಮಾನರು. ಕುಳಿತೆ. "ನಿಮಗೆ ಒಪ್ಪುತ್ತದೆ" ಎಂದರು. ಆ ಎರಡು ಶಬ್ದಗಳು ನನ್ನ ಮೂರು ವಾರಗಳ ನಿದ್ದೆಯನ್ನು ಕೆಡಿಸಿದವು.

ನನಗೆ ಐವತ್ತೊಂದು ವರ್ಷ. ಹತ್ತೊಂಬತ್ತು ವರ್ಷಗಳಿಂದ ಒಂದೇ ನೂರು ಸಿಸಿಯ ಬೈಕಿನಲ್ಲಿ ಶಾಲೆಗೆ ಹೋಗಿ ಬರುತ್ತಿದ್ದೇನೆ. ಅದರ ಹಿಂಬದಿಯಲ್ಲಿ ಅಕ್ಕಿ ಮೂಟೆ, ಹಿಂಡಿ ಚೀಲ, ಜ್ವರ ಬಂದ ಮಗ, ಶಾಲೆಯ ಭೂಪಟಗಳ ಸುರುಳಿ ಎಲ್ಲವೂ ಸಾಗಿವೆ. ಅದರ ಮೇಲೆ ನನಗೆ ಕೃತಜ್ಞತೆ ಇದೆ. ಪ್ರೀತಿ ಎನ್ನಲು ಬಾರದು. ಪ್ರೀತಿ ಮೊದಲೇ ಬೇರೆ ಕಡೆ ಸಂದುಹೋಗಿತ್ತು. ನಾನು ಆರನೆಯ ತರಗತಿಯಲ್ಲಿದ್ದಾಗ ಸೋದರಮಾವ ಒಂದು ಯೆಜ್ದಿ ಕೊಂಡಿದ್ದರು. ಅದು 1961ರಲ್ಲಿ ಮೈಸೂರಿನಲ್ಲಿ ಆರಂಭವಾದ ಐಡಿಯಲ್ ಜಾವಾ ಕಾರ್ಖಾನೆಯ ಬಂಡಿ; ಆ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. 250 ಸಿಸಿಯ ಟೂ ಸ್ಟ್ರೋಕ್ ಇಂಜಿನ್, ಎರಡು ಹೊಗೆ ಕೊಳವೆಗಳು, ಕಿಕ್ ಹೊಡೆಯುವುದಕ್ಕೂ ಗೇರ್ ಬದಲಿಸುವುದಕ್ಕೂ ಒಂದೇ ಸನ್ನೆಕೋಲು. ಕಿಕ್ ಹೊಡೆದು ಅದನ್ನು ಮತ್ತೆ ಗೇರಿನ ಸ್ಥಾನಕ್ಕೆ ಮಡಚುವ ಮಾವನ ಪಾದದ ಚಲನೆ ಇಂದಿಗೂ ಕಣ್ಣಿಗೆ ಕಟ್ಟುತ್ತದೆ. ಗುಡ್ಡದ ಆಚೆ ಅವರ ಬಂಡಿಯ ಸದ್ದು ಕೇಳಿದರೆ ಅಜ್ಜಿ ಚಹಾಕ್ಕೆ ನೀರಿಡುತ್ತಿದ್ದರು. ನೀರು ಕುದಿಯುವುದಕ್ಕೂ ಮಾವ ಅಂಗಳ ತಲುಪುವುದಕ್ಕೂ ಸರಿಹೋಗುತ್ತಿತ್ತು.

ಆದುದರಿಂದ ನಡುವಯಸ್ಸಿನವರ ಈ ಹಂಬಲವನ್ನು ಹುಡುಗಾಟವೆಂದು ತಳ್ಳಿಹಾಕುವವರ ಮಾತಿಗೆ ನಾನು ಪೂರ್ತಿ ಒಪ್ಪಲಾರೆ. ಇಪ್ಪತ್ತೈದರಲ್ಲಿ ನಮ್ಮ ಕೈಯಲ್ಲಿ ಹಣವಿರಲಿಲ್ಲ. ಮೂವತ್ತೈದರಲ್ಲಿ ಮನೆಯ ಸಾಲ, ತಂಗಿಯ ಮದುವೆ, ತಂದೆಯ ಶಸ್ತ್ರಕ್ರಿಯೆ. ಐವತ್ತಾಗುವಾಗ ಸಾಲ ಮುಗಿದು ಒಂದು ಬಿಡುವು ಕಾಣುತ್ತದೆ. ಅದೇ ಹೊತ್ತಿಗೆ ಮೊಣಕಾಲೂ ಮಾತನಾಡಲು ಆರಂಭಿಸುತ್ತದೆ. ಇನ್ನು ಹತ್ತು ವರ್ಷ ಕಾದರೆ ಆಸೆ ಉಳಿದೀತು, ಬಂಡಿಯನ್ನು ಸ್ಟ್ಯಾಂಡಿಗೆ ಎತ್ತುವ ಸೊಂಟ ಉಳಿಯದು. ನಮ್ಮಲ್ಲಿ ಹಲವು ತಂದೆಯರು ತಮಗಾಗಿ ಒಂದು ಒಳ್ಳೆಯ ಕೊಡೆಯನ್ನೂ ಕೊಂಡವರಲ್ಲ. ಅಂಥವರು ಒಮ್ಮೆ ತಮಗೆಂದು ಏನನ್ನಾದರೂ ಬಯಸಿದರೆ ಅದರಲ್ಲಿ ನಾಚಿಕೆಪಡುವಂಥದ್ದೇನೂ ನನಗೆ ಕಾಣುವುದಿಲ್ಲ.

ಒಂದು ಶನಿವಾರ ಶೋರೂಮಿಗೆ ಹೋದೆ. ಪ್ಲಸ್ ವನ್ ಓದುತ್ತಿರುವ ಮಗನೂ ಜೊತೆಗಿದ್ದ. ಅಲ್ಲಿ ಮಾತು ಮಲಯಾಳದಲ್ಲಿ, ಕಾಗದಪತ್ರ ಇಂಗ್ಲಿಷಿನಲ್ಲಿ. ಸಹಿಯೊಂದನ್ನು ಮಾತ್ರ ನಾವು ಕನ್ನಡದಲ್ಲಿ ಹಾಕಬಹುದು. ಪರೀಕ್ಷಾರ್ಥವಾಗಿ ನಾಲ್ಕು ಕಿಲೋಮೀಟರ್ ಓಡಿಸಲು ಕೊಟ್ಟರು. ಅದರ ಅನುಭವವನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ: ಬಹಳ ಸುಖವಾಗಿತ್ತು. ನನ್ನ ಹಳೆಯ ಬೈಕು ಕಿರುಚಿ ತಲುಪುವ ವೇಗವನ್ನು ಅದು ಉಸಿರು ಬಿಡುವಷ್ಟು ಸಲೀಸಾಗಿ ತಲುಪಿತು. ಮೀಟರನ್ನು ನೋಡಿದಾಗ ಎಂಬತ್ತು ದಾಟಿತ್ತು. ನನ್ನ ಅಂದಾಜು ಐವತ್ತು.

ಮನೆಗೆ ಬಂದ ಮೇಲೆ ನನ್ನೊಳಗಿನ ವಿಜ್ಞಾನದ ಅಧ್ಯಾಪಕನಿಗೆ ಹೆದರಿಕೆ ಹುಟ್ಟಿಸಿದ್ದು ಈ ಮೂವತ್ತರ ಅಂತರವೇ. ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಮಡಿಯಾಗುತ್ತದೆ ಎಂದು ವರ್ಷಂಪ್ರತಿ ಕರಿಹಲಗೆಯ ಮೇಲೆ ಬರೆಯುವವನು ನಾನು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವವನು ಒಂದು ಸೆಕೆಂಡಿಗೆ 11 ಮೀಟರ್ ಸಾಗುತ್ತಾನೆ. ಅಪಾಯವನ್ನು ಕಂಡು ಬ್ರೇಕಿನ ಮೇಲೆ ಬೆರಳು ಬೀಳಲು ಒಂದು ಸೆಕೆಂಡು ಹಿಡಿಯಿತೆನ್ನೋಣ. ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕಿದ್ದರೆ ಮುಂದೆ ಸುಮಾರು 9 ಮೀಟರಿನಲ್ಲಿ ಬಂಡಿ ನಿಲ್ಲುತ್ತದೆ. ಒಟ್ಟು 20 ಮೀಟರ್. ವೇಗ 80 ಆದರೆ ಆ ಒಂದು ಸೆಕೆಂಡಿಗೇ 22 ಮೀಟರ್ ಹೋಯಿತು, ಬ್ರೇಕಿನ ಮೇಲೆ ಇನ್ನೂ 35. ಒಟ್ಟು 57. ನಮ್ಮ ಊರಿನ ರಸ್ತೆಯಲ್ಲಿ 57 ಮೀಟರ್ ನೇರವಾಗಿ ಕಾಣುವ ಸ್ಥಳಗಳನ್ನು ಬೆರಳಲ್ಲಿ ಎಣಿಸಬಹುದು. ಅದರ ಮೇಲೆ ಜೂನ್ ತಿಂಗಳಿನ ಮಳೆ. ಹೆಲ್ಮೆಟಿನ ಗಾಜಿನ ಮೇಲೆ ಹನಿ, ಎದುರಿನ ಬಸ್ಸಿನ ದೀಪ ಆ ಹನಿಗಳಲ್ಲಿ ಒಡೆದು ನೂರಾಗುವುದು. ಪ್ರಾಯ ಏರಿದಂತೆ ಕಣ್ಣಿನ ಪಾಪೆ ಕತ್ತಲಲ್ಲಿ ಮೊದಲಿನಷ್ಟು ಹಿಗ್ಗುವುದಿಲ್ಲ, ಬೆಳಕಿನ ಕೋರೈಸುವಿಕೆಯಿಂದ ಚೇತರಿಸಿಕೊಳ್ಳಲು ಹೆಚ್ಚು ಹೊತ್ತು ಹಿಡಿಯುತ್ತದೆ. ಕಾನೂನಿಗೂ ಇದು ತಿಳಿದಿದೆ. ನಲವತ್ತು ದಾಟಿದವನು ಲೈಸೆನ್ಸ್ ನವೀಕರಿಸಬೇಕಾದರೆ ವೈದ್ಯರಿಂದ 1ಎ ನಮೂನೆಯ ಪ್ರಮಾಣಪತ್ರ ತರಬೇಕು. ಕಳೆದ ವರ್ಷ ಅದನ್ನು ತರುವಾಗ ಕಣ್ಣಿನ ಪರೀಕ್ಷೆಯ ಕೊನೆಯ ಸಾಲನ್ನು ನಾನು ಓದಿದೆನೋ, ಊಹಿಸಿದೆನೋ, ಈಗಲೂ ನಿಶ್ಚಯವಿಲ್ಲ.

ದೊಡ್ಡ ಬಂಡಿಯ ಪರವಾಗಿಯೂ ಹೇಳಬೇಕಾದದ್ದಿದೆ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯವಾಗಿದೆ. ಗಾಬರಿಯಲ್ಲಿ ಬ್ರೇಕನ್ನು ಅದುಮಿದರೂ ಚಕ್ರ ಸಿಕ್ಕಿಕೊಂಡು ಜಾರದಂತೆ ಅದು ಕಾಯುತ್ತದೆ. ನನ್ನ ಹಳೆಯ ಡ್ರಮ್ ಬ್ರೇಕಿನ ಬಂಡಿಗೆ ಆ ಭಾಗ್ಯವಿಲ್ಲ. ಅಗಲವಾದ ಟಯರು, ಒಳ್ಳೆಯ ದೀಪ, ಘಟ್ಟದಲ್ಲಿ ಲಾರಿಯನ್ನು ಹಿಂದಿಕ್ಕಲು ಸಾಕಷ್ಟು ಶಕ್ತಿ, ಇವೆಲ್ಲ ಸುರಕ್ಷೆಯ ಲೆಕ್ಕಕ್ಕೇ ಸೇರತಕ್ಕವು. ಆದರೆ 47 ಅಶ್ವಶಕ್ತಿ! ಒಂದು ಕಾಲದಲ್ಲಿ ಐದು ಜನರ ಸಂಸಾರವನ್ನು ಹೊತ್ತು ಧರ್ಮಸ್ಥಳಕ್ಕೆ ಹೋಗುತ್ತಿದ್ದ ಮಾರುತಿ 800ರ ಇಂಜಿನಿಗೆ ನಲವತ್ತು ಕೂಡ ಇರಲಿಲ್ಲ.

ತೂಕದ ಮಾತೂ ಇದೆ. ಬಂಡಿ 200 ಕಿಲೋ ದಾಟುತ್ತದೆ. ಓಡುವಾಗ ತೂಕ ಗೊತ್ತಾಗುವುದಿಲ್ಲ. ಗೊತ್ತಾಗುವುದು ನಿಂತ ಮೇಲೆ. ನಮ್ಮ ಮನೆಗೆ ರಸ್ತೆಯಿಂದ ಮುರಕಲ್ಲಿನ ಇಳಿಜಾರು. ಮಳೆಗಾಲದಲ್ಲಿ ಅದರ ಮೇಲೆ ಪಾಚಿ ಕಟ್ಟಿ, ಬರಿಗಾಲಿನಲ್ಲಿ ನಡೆಯುವವರೂ ಗೋಡೆ ಹಿಡಿಯಬೇಕು. ಅಲ್ಲಿ 200 ಕಿಲೋ ಒಂದು ಪಕ್ಕಕ್ಕೆ ವಾಲಿದರೆ ತಡೆಯಲು ಹೋಗಬಾರದು, ಬಿಟ್ಟುಬಿಡಬೇಕು ಎಂದು ಬಲ್ಲವರು ಹೇಳುತ್ತಾರೆ. ಲಕ್ಷಗಟ್ಟಲೆ ಕೊಟ್ಟು ಕೊಂಡದ್ದು ವಾಲುವಾಗ ಬಿಟ್ಟುಬಿಡುವ ವೈರಾಗ್ಯ ನನಗೆ ಇನ್ನೂ ಬಂದಿಲ್ಲ.

ಹಣದ ವಿಷಯವನ್ನು ಬೇಗ ಮುಗಿಸುತ್ತೇನೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳಿಗೆ ಜಿಎಸ್‌ಟಿ ಶೇಕಡ 18ಕ್ಕೆ ಇಳಿಯಿತು, ಅದಕ್ಕೆ ಮೇಲ್ಪಟ್ಟವುಗಳಿಗೆ 40ಕ್ಕೆ ಏರಿತು. 349 ಸಿಸಿಯ ಕ್ಲಾಸಿಕ್ ಗಡಿಯ ಈಚೆ, 648 ಸಿಸಿಯ ಇಂಟರ್‌ಸೆಪ್ಟರ್ ಗಡಿಯ ಆಚೆ. ಗಡಿ ಎಂದರೇನೆಂದು ಕಾಸರಗೋಡಿನವರಿಗೆ ಯಾರೂ ವಿವರಿಸಬೇಕಾಗಿಲ್ಲ. ಹೊಸ ಬೈಕಿಗೆ ಐದು ವರ್ಷಗಳ ತೃತೀಯ ವ್ಯಕ್ತಿ ವಿಮೆಯನ್ನು ಒಮ್ಮೆಗೇ ಕಟ್ಟಬೇಕು: 2022ರಲ್ಲಿ ಗೊತ್ತುಪಡಿಸಿದ ದರದಂತೆ 150ರಿಂದ 350 ಸಿಸಿವರೆಗೆ 7,365 ರೂಪಾಯಿ, ಅದಕ್ಕೆ ಮೇಲ್ಪಟ್ಟದ್ದಕ್ಕೆ 15,117. ಈ ವಿಮೆ ನಮ್ಮಿಂದ ಹಾನಿಗೊಳಗಾದ ಇತರರಿಗೆ. ಸವಾರನಿಗೆ ಅದರಿಂದ ಬಿಡಿಗಾಸೂ ಇಲ್ಲ. ಮಾಲಕ–ಸವಾರನ ವೈಯಕ್ತಿಕ ಅಪಘಾತ ವಿಮೆ ಬೇರೆಯೇ, 15 ಲಕ್ಷ ರೂಪಾಯಿಯದು. ಎಷ್ಟೋ ಮನೆಗಳಲ್ಲಿ ಈ ವ್ಯತ್ಯಾಸ ತಿಳಿಯುವುದು ತಿಳಿಯಬಾರದ ಹೊತ್ತಿನಲ್ಲಿ. ಇನ್ನು ಮಗಳಿಗೆ ಮುಂದಿನ ವರ್ಷ ಮಂಗಳೂರಿನಲ್ಲಿ ಹಾಸ್ಟೆಲು ಹುಡುಕಬೇಕು. ಆ ಲೆಕ್ಕವನ್ನು ಇಲ್ಲಿ ಬರೆಯುವುದಿಲ್ಲ. ಓದುಗರ ಮನೆಯಲ್ಲೂ ಅದೇ ಲೆಕ್ಕ ನಡೆಯುತ್ತಿದ್ದೀತು.

ಮನೆಯವಳು ಬೇಡವೆನ್ನಲಿಲ್ಲ. ಬೇಡವೆಂದಿದ್ದರೆ ನಾನು ಹಠ ಹಿಡಿದು ಕೊಂಡುಬಿಡುತ್ತಿದ್ದೆನೇನೋ. "ಯಾವ ರಸ್ತೆಗೆ?" ಎಂದು ಕೇಳಿದಳು, ಅಷ್ಟೆ. ದಿನವೂ ಹೋಗಿ ಬರುವುದು ಒಂಬತ್ತು ಕಿಲೋಮೀಟರ್. ಅದರಲ್ಲಿ ಹನ್ನೆರಡು ಉಬ್ಬು, ಎರಡು ಶಾಲೆ, ಒಂದು ಮೀನಿನ ಮಾರುಕಟ್ಟೆ. "ವರ್ಷಕ್ಕೊಮ್ಮೆ ಮಡಿಕೇರಿಗೆ ಹೋಗಬಹುದು" ಎಂದೆ. ಚೆರ್ಕಳ, ಮುಳ್ಳೇರಿಯ, ಜಾಲ್ಸೂರು, ಸುಳ್ಯ. ಆಮೇಲೆ ಸಂಪಾಜೆಯ ಘಟ್ಟ, ಮಂಜು, ಕಾಫಿ ಹೂವಿನ ಪರಿಮಳ. ಮಾವ ಒಮ್ಮೆ ಆ ದಾರಿಯಲ್ಲಿ ಮೈಸೂರಿನವರೆಗೆ ಹೋಗಿ ಬಂದಿದ್ದರು. ನಾನು ಹೇಳುತ್ತಿದ್ದಂತೆ ಆಕೆಯ ಮುಖವೂ ಸ್ವಲ್ಪ ಮೃದುವಾಯಿತು. "ಹಾಗಾದರೆ ಹಿಂದಿನ ಸೀಟು ಹೇಗಿದೆ?" ಎಂದಳು. ಆ ರಾತ್ರಿ ನಾನು ಕೊಳ್ಳುವುದೆಂದೇ ತೀರ್ಮಾನಿಸಿದ್ದೆ.

ತೀರ್ಮಾನ ಬದಲಾದದ್ದು ಒಂದು ಮೊಳೆಯಿಂದ.

ಎರಡು ವರ್ಷಗಳ ಹಿಂದೆ ನಮ್ಮ ಶಾಲೆಯಿಂದ ಹತ್ತನೆಯ ತರಗತಿ ತೇರ್ಗಡೆಯಾಗಿ ಹೋದ ಹುಡುಗನೊಬ್ಬ ತೀರಿಕೊಂಡ. ಕೊಲ್ಲಿಯಿಂದ ರಜೆಯಲ್ಲಿ ಬಂದ ಅವನ ಮಾವ ತನ್ನ ಬಹುಕಾಲದ ಆಸೆಯಂತೆ ಒಂದು ದೊಡ್ಡ ಬೈಕು ಕೊಂಡಿದ್ದರು. ಕೇಡಿಗನಲ್ಲ, ಬೇಜವಾಬ್ದಾರಿಯವರೂ ಅಲ್ಲ, ಮನೆಯವರೆಲ್ಲರಿಗೂ ಬೇಕಾದವರು. ಮಧ್ಯಾಹ್ನ ಊಟ ಮಾಡಿ ಮಲಗಿದ್ದರು. ಹುಡುಗ ಕೀಲಿ ತೆಗೆದುಕೊಂಡು ಹೊರಟ. ಮೂರನೆಯ ತಿರುವಿನಲ್ಲಿ ಎದುರಿನಿಂದ ಟಿಪ್ಪರ್ ಬಂತು. ನಾನು ಹೋದಾಗ ಮನೆಯೊಳಗೆ ಹೆಂಗಸರಿದ್ದರು, ಗಂಡಸರು ಅಂಗಳದಲ್ಲಿ. ಜಗಲಿಯ ಗೋಡೆಯಲ್ಲಿ ಕ್ಯಾಲೆಂಡರಿನ ಪಕ್ಕ ಒಂದು ಮೊಳೆ. ಆ ಮಾವ ನನ್ನನ್ನು ಕಂಡು ಎದ್ದು ಬಂದು ಅದನ್ನು ತೋರಿಸಿ, "ಇಲ್ಲಿಯೇ ಇತ್ತು ಮಾಷ್ಟ್ರೇ, ಎಲ್ಲರ ಕೀಲಿಯೂ ಇಲ್ಲಿಯೇ ಇರುವುದು" ಎಂದರು. ಮತ್ತೆ ಮಾತಾಡಲಿಲ್ಲ. ಅವರು ಕೊಲ್ಲಿಗೆ ಹಿಂದಿರುಗಿದ ಮೇಲೆ ಊರಿಗೆ ಬಂದಿಲ್ಲವೆಂದು ಕೇಳಿದ್ದೇನೆ.

ನಮ್ಮ ಮನೆಯಲ್ಲೂ ಕೀಲಿ ಇರುವುದು ಮೊಳೆಯಲ್ಲೇ. ಶೋರೂಮಿನಲ್ಲಿ ನಾನು ಕಾಗದ ಓದುತ್ತಿದ್ದಾಗ ಮಗ ಆ ಬಂಡಿಯ ಮೇಲೆ ಕುಳಿತಿದ್ದ. ಇಂಜಿನು ಚಾಲೂ ಇರಲಿಲ್ಲ. ಅವನ ಬಲಗೈ ಮಾತ್ರ ನಿಧಾನವಾಗಿ ತಿರುಗುತ್ತಿತ್ತು, ಬಿಡುತ್ತಿತ್ತು, ಮತ್ತೆ ತಿರುಗುತ್ತಿತ್ತು. ಅವನ ಮುಖದಲ್ಲಿದ್ದದ್ದು ಸೋದರಮಾವನ ಯೆಜ್ದಿಯ ಮೇಲೆ ಕಳ್ಳತನದಿಂದ ಕುಳಿತ ನನ್ನದೇ ಮುಖ. ವ್ಯತ್ಯಾಸವೆಂದರೆ ಆ ಯೆಜ್ದಿಯನ್ನು ಕಿಕ್ ಹೊಡೆದು ಎಬ್ಬಿಸಲು ನನಗೆ ಶಕ್ತಿ ಸಾಲುತ್ತಿರಲಿಲ್ಲ. ಈಗ ಒಂದು ಗುಂಡಿ ಒತ್ತಿದರೆ ಸಾಕು.

ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಸೇರಿಸಿದ 199ಎ ಕಲಮು ಇದನ್ನು ಎಲ್ಲಿಯೂ ಮುಚ್ಚಿಟ್ಟಿಲ್ಲ. ಹದಿನೆಂಟು ತುಂಬದವರು ವಾಹನ ಓಡಿಸಿ ಅಪರಾಧವಾದರೆ ಹೊಣೆ ಪಾಲಕನದು ಅಥವಾ ವಾಹನದ ಮಾಲಕನದು: ಮೂರು ವರ್ಷಗಳವರೆಗೆ ಸೆರೆ, 25,000 ರೂಪಾಯಿ ದಂಡ, ಹನ್ನೆರಡು ತಿಂಗಳ ಕಾಲ ವಾಹನದ ನೋಂದಣಿ ರದ್ದು, ಮಗುವಿಗೆ 25 ವರ್ಷ ತುಂಬುವ ತನಕ ಲೈಸೆನ್ಸಿಲ್ಲ. "ನನಗೆ ಗೊತ್ತಿರಲಿಲ್ಲ" ಎಂಬುದನ್ನು ತಂದೆಯೇ ರುಜುಪಡಿಸಬೇಕು. ಗೊತ್ತಿತ್ತೆಂದೇ ನ್ಯಾಯಾಲಯ ಮೊದಲು ಭಾವಿಸಿಕೊಳ್ಳುತ್ತದೆ. ಹದಿನಾರು ತುಂಬಿದವರಿಗೆ ಕಾನೂನು ಕೊಡುವುದು 50 ಸಿಸಿ ಮೀರದ ಗೇರಿಲ್ಲದ ಬಂಡಿಯ ಲೈಸೆನ್ಸ್ ಮಾತ್ರ. ಇದನ್ನು ನಾನು ಹೆತ್ತವರ ಸಭೆಯಲ್ಲಿ ಎರಡು ಬಾರಿ ಓದಿ ಹೇಳಿದ್ದೇನೆ. ಆದರೂ ಶಾಲೆಯ ಹಿಂದಿನ ಗುಡ್ಡೆಯ ಮರೆಯಲ್ಲಿ ಸಾಲಾಗಿ ನಿಲ್ಲುವ ಬೈಕುಗಳು ಯಾರವೆಂದು ಸಭೆಯಲ್ಲಿದ್ದ ಎಲ್ಲರಿಗೂ ಗೊತ್ತು, ನನಗೂ ಗೊತ್ತು.

ಕೀಲಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರಾಯಿತಲ್ಲ ಎನ್ನಬಹುದು. ಯೋಚಿಸಿದೆ. ಮಗನಿಂದ ಕೀಲಿ ಬಚ್ಚಿಡುವ ಮನೆಯಲ್ಲಿ ಆ ಬಂಡಿ ಹತ್ತಿ ಸಂಪಾಜೆಯ ಮಂಜಿಗೆ ಹೋಗಿ ಏನು ಸುಖ? ಅವನೊಡನೆ ನೇರವಾಗಿ ಮಾತನಾಡಿದೆ. ಮೊಳೆಯ ಕತೆ ಅವನಿಗೆ ನನಗಿಂತ ಚೆನ್ನಾಗಿ ತಿಳಿದಿತ್ತು. ಆ ಹುಡುಗ ಅವನಿಗಿಂತ ಎರಡು ವರ್ಷ ಮುಂದಿದ್ದವನು, ವಾಲಿಬಾಲ್ ಆಡಲು ಕಲಿಸಿದವನು. ಬಹಳ ಹೊತ್ತು ಸುಮ್ಮನಿದ್ದು, "ನಾನು ಮುಟ್ಟುವುದಿಲ್ಲ ಎಂದು ಹೇಳಬಹುದು ಅಪ್ಪ. ಆದರೆ ಮುಟ್ಟಲಿಕ್ಕಿಲ್ಲ ಎಂದು ನನಗೇ ಗ್ಯಾರಂಟಿ ಇಲ್ಲ" ಎಂದ. ಅಷ್ಟು ಪ್ರಾಮಾಣಿಕವಾದ ಉತ್ತರವನ್ನು ನಾನು ಇತ್ತೀಚೆಗೆ ದೊಡ್ಡವರ ಬಾಯಿಂದ ಕೇಳಿಲ್ಲ.

ಅವನಿಗೆ ಹದಿನೆಂಟು ತುಂಬಲು ಇನ್ನು ಹದಿನೆಂಟು ತಿಂಗಳಿವೆ. ಆಮೇಲೆ ಅವನು ಮೈದಾನದಲ್ಲಿ ಕಾಲೂರದೆ ಎಂಟು ಹಾಕಿ ಲೈಸೆನ್ಸ್ ಪಡೆಯಲಿ, ನನ್ನ ನೂರು ಸಿಸಿಯ ಮುದುಕನಲ್ಲಿ ಒಂದು ಮಳೆಗಾಲ ಓಡಿಸಲಿ. ನನಗೆ ಆಗ ಐವತ್ತಮೂರು. ಸೊಂಟ ಒಪ್ಪಿದರೆ, ಕಣ್ಣಿನ ಪರೀಕ್ಷೆಯ ಕೊನೆಯ ಸಾಲು ಊಹಿಸದೆ ಕಂಡರೆ, ಗಡಿಯ ಈಚಿನ 350 ಒಂದನ್ನು ನೋಡುವ ವಿಚಾರವಿದೆ. 650ರ ಆಸೆ ಸತ್ತಿದೆಯೆಂದು ಮಾತ್ರ ಬರೆಯಲಾರೆ. ಶೋರೂಮಿನ ಯುವಕ ಪ್ರತಿ ತಿಂಗಳ ಕೊನೆಗೆ ಫೋನು ಮಾಡುತ್ತಾನೆ. ಮೊನ್ನೆ ಅವನಿಗೆ ಕಾರಣ ತಿಳಿಸಿದೆ. ಕಾರಣವನ್ನು ಅವನು ಯಾವ ಕಾಲಮಿನಲ್ಲಿ ಬರೆದುಕೊಂಡನೋ ಗೊತ್ತಿಲ್ಲ. "ಸರಿ ಮಾಷೇ, ಒಂದೂವರೆ ವರ್ಷ ಕಳೆದು ವಿಳಿಕ್ಕಾಂ" ಎಂದ. ಮಗ ಪಕ್ಕದಲ್ಲೇ ನಿಂತು ಕೇಳುತ್ತಿದ್ದ. ಹೋಗಿ ಕ್ಯಾಲೆಂಡರನ್ನು ನೋಡಿದ.