50 ಕೋಟಿ ಅರ್ಜಿ ಬಂದರೂ ಕುರ್ಚಿ ಖಾಲಿ ಉಳಿಯುವುದು ಹೇಗೆ? ಫುಟ್ಬಾಲ್ ವಿಶ್ವಕಪ್ ಟಿಕೆಟ್ಟಿನ ಲೆಕ್ಕ

2026ರ ಫುಟ್ಬಾಲ್ ವಿಶ್ವಕಪ್ ಬಗ್ಗೆ ವಾಟ್ಸಾಪ್‌ನಲ್ಲಿ ಓಡಾಡುವ ಮಾತು ಮುಖ್ಯವಾಗಿ ಎರಡು ಬಗೆ. 50 ಕೋಟಿ ಜನ ಟಿಕೆಟ್ ಕೇಳಿದ್ದಾರೆ, ಇಂಥ ಬೇಡಿಕೆ ಹಿಂದೆಂದೂ ಇರಲಿಲ್ಲ ಅನ್ನುವುದು ಒಂದು. ಟಿಕೆಟ್ ರೇಟು ನೋಡಿ ಅಭಿಮಾನಿಗಳೆಲ್ಲ ಬೆನ್ನು ತಿರುಗಿಸಿದ್ದಾರೆ, ಸ್ಟೇಡಿಯಂಗಳು ಖಾಲಿ ಹೊಡೆಯುತ್ತವೆ ಅನ್ನುವುದು ಇನ್ನೊಂದು. ಚನ್ನಗಿರಿಯಲ್ಲಿ ಒಬ್ಬರು ಮೊದಲನೆಯದನ್ನು ಗ್ರೂಪಿಗೆ ಹಾಕಿದರೆ ಜಗಳೂರಿನ ಗೆಳೆಯರೊಬ್ಬರು ಎರಡನೆಯದನ್ನು ಉತ್ತರವಾಗಿ ಎಸೆಯಬಹುದು. ಇಬ್ಬರಲ್ಲಿ ಒಬ್ಬರ ಮಾತು ಸುಳ್ಳಿರಲೇಬೇಕು ಅಂತ ನಮಗನ್ನಿಸುತ್ತದೆ. ಹಾಗೇನೂ ಇಲ್ಲ. ಬೇಡಿಕೆ ಭಾರಿ ಇರುವುದು ಮತ್ತು ಕುರ್ಚಿ ಖಾಲಿ ಉಳಿಯುವುದು, ಎರಡೂ ಒಟ್ಟಿಗೇ ಆಗಬಹುದು. ಹೇಗೆ ಅನ್ನುವುದೇ ಈ ಲೇಖನ.

ಮೊದಲು ಆ 50 ಕೋಟಿ. ಸಂಖ್ಯೆ ಸುಳ್ಳಲ್ಲ. 2025ರ ಡಿಸೆಂಬರ್‌ನಿಂದ 2026ರ ಜನವರಿ ಮಧ್ಯದವರೆಗೆ ನಡೆದ ಲಾಟರಿ ಸುತ್ತಿನಲ್ಲಿ 50 ಕೋಟಿಗೂ ಹೆಚ್ಚು ಬೇಡಿಕೆ ಬಂದಿದೆ ಎಂದು ವಿಶ್ವಕಪ್ ನಡೆಸುವ ಫಿಫಾ ಸಂಸ್ಥೆಯೇ ಹೇಳಿದೆ. ಆದರೆ ಅದು ಜನರ ಲೆಕ್ಕವಲ್ಲ, ಕೇಳಿದ ಟಿಕೆಟ್‌ಗಳ ಲೆಕ್ಕ. ಒಬ್ಬರು ಒಂದು ಪಂದ್ಯಕ್ಕೆ 4 ಟಿಕೆಟ್‌ವರೆಗೆ ಕೇಳಬಹುದು. ಒಂದೇ ಪಂದ್ಯಕ್ಕೆ ನಿಲ್ಲಬೇಕಿಲ್ಲ, ಹತ್ತು ಪಂದ್ಯಕ್ಕೂ ಕೇಳಬಹುದು. ಲಾಟರಿಯಲ್ಲಿ ಹೆಸರು ಬಂದರೆ ಮಾತ್ರ ಕಾರ್ಡಿನಿಂದ ಹಣ ಹೋಗುತ್ತದೆ. ಅಂದರೆ ಕೇಳುವುದಕ್ಕೆ ಖರ್ಚಿಲ್ಲ. ಸರ್ಕಾರಿ ಕೆಲಸಕ್ಕೆ ಓದುತ್ತಿರುವ ಹುಡುಗ ಪಿಡಿಒ, ಎಫ್‌ಡಿಎ, ಪೊಲೀಸ್ ಅಂತ ಕಂಡ ಕಂಡದ್ದಕ್ಕೆಲ್ಲ ಅರ್ಜಿ ಹಾಕುವುದಿಲ್ಲವೇ? ಅರ್ಜಿ ಐದಾದರೂ ಹುಡುಗ ಒಬ್ಬನೇ. ಇರುವ ಸೀಟಾದರೂ ಎಷ್ಟು? 104 ಪಂದ್ಯಗಳೂ ಸೇರಿ 60ರಿಂದ 70 ಲಕ್ಷದ ಆಸುಪಾಸು.

ಆ 50 ಕೋಟಿ ಎಲ್ಲ ಪಂದ್ಯಗಳಿಗೂ ಸಮನಾಗಿ ಹಂಚಿಕೆಯಾಗಿಲ್ಲ ಅನ್ನುವುದನ್ನೂ ನೆನಪಿಡಬೇಕು. ಫೈನಲ್‌ಗೆ, ದೊಡ್ಡ ತಂಡಗಳ ಆಟಕ್ಕೆ ಮುಗಿಬೀಳುವವರು ಇರುತ್ತಾರೆ. 32 ಇದ್ದ ತಂಡಗಳು ಈ ಸಲ 48 ಆಗಿವೆ, 64 ಇದ್ದ ಪಂದ್ಯಗಳು 104. ವಾರದ ನಡುವೆ, ಹೆಸರು ಕೇಳದ ಎರಡು ತಂಡಗಳ ಲೀಗ್ ಪಂದ್ಯಕ್ಕೂ ದೊಡ್ಡ ಸ್ಟೇಡಿಯಂ ತುಂಬಿಸಬೇಕು. ಟೂರ್ನಿ ಮುಗಿದ ಮೇಲೆ ದಾಖಲೆಯ ಪ್ರೇಕ್ಷಕರು ಎಂಬ ಸುದ್ದಿ ಬಂದರೆ ಈ ಲೆಕ್ಕ ಮರೆಯಬೇಡಿ. 1994ರಲ್ಲಿ ಇದೇ ಅಮೆರಿಕದಲ್ಲಿ ಬರೀ 52 ಪಂದ್ಯಗಳಿಗೆ ಸುಮಾರು 35.9 ಲಕ್ಷ ಜನ ಬಂದಿದ್ದರು, ಪಂದ್ಯಕ್ಕೆ ಸರಾಸರಿ 69 ಸಾವಿರದ ಹತ್ತಿರ. ಪಂದ್ಯಗಳನ್ನು ಇಮ್ಮಡಿ ಮಾಡಿ ಒಟ್ಟು ಸಂಖ್ಯೆಯ ದಾಖಲೆ ಮುರಿಯುವುದರಲ್ಲಿ ಹೆಚ್ಚುಗಾರಿಕೆ ಏನಿಲ್ಲ.

ಇನ್ನು ರೇಟಿನ ವಿಷಯ. ಅಮೆರಿಕ, ಕೆನಡಾ, ಮೆಕ್ಸಿಕೊ ಮೂರೂ ಸೇರಿ 2018ರಲ್ಲಿ ಆತಿಥ್ಯ ಕೇಳಿದಾಗ ಕೊಟ್ಟ ದಾಖಲೆಯಲ್ಲಿ ಅತಿ ಅಗ್ಗದ ಟಿಕೆಟ್ 21 ಡಾಲರ್, ಫೈನಲ್‌ನ ಅತಿ ದುಬಾರಿ ಟಿಕೆಟ್ 1,550 ಡಾಲರ್ ಎಂದಿತ್ತು. ಡಾಲರಿಗೆ 90 ರೂಪಾಯಿ ಹಿಡಿದರೆ ಸುಮಾರು 1,900 ರೂಪಾಯಿಯಿಂದ 1.4 ಲಕ್ಷ. 2025ರ ಡಿಸೆಂಬರ್‌ನಲ್ಲಿ ಆಯಾ ದೇಶದ ಅಭಿಮಾನಿಗಳಿಗೆಂದು ಇಟ್ಟ ಪಾಲಿನ ದರ ಹೊರಬಿತ್ತು. ಫೈನಲ್‌ಗೆ ಅತಿ ಕಡಿಮೆ 4,185 ಡಾಲರ್, ಹೆಚ್ಚೆಂದರೆ 8,680. ಅಂದರೆ ಸುಮಾರು 3.8 ಲಕ್ಷದಿಂದ 7.8 ಲಕ್ಷ ರೂಪಾಯಿ. 2022ರಲ್ಲಿ ಕತಾರ್ ಫೈನಲ್‌ನ ಸಾಮಾನ್ಯ ಮಾರಾಟದ ಅತಿ ದುಬಾರಿ ಟಿಕೆಟ್ 1,607 ಡಾಲರ್ ಇತ್ತು. ಯುರೋಪಿನ ಅಭಿಮಾನಿ ಸಂಘಗಳ ಒಕ್ಕೂಟ ಇದನ್ನು ಭಾರಿ ದ್ರೋಹ ಎಂದು ಕರೆದು ಮಾರಾಟ ನಿಲ್ಲಿಸಿ ಎಂದು ಆಗ್ರಹಿಸಿತು.

ಕತಾರ್‌ನದ್ದು ಇನ್ನೊಂದು ಸಂಗತಿ ಹೇಳಲೇಬೇಕು. ಅಲ್ಲಿ ವಾಸವಿದ್ದವರಿಗೆ ಲೀಗ್ ಪಂದ್ಯಕ್ಕೆ 40 ರಿಯಾಲ್ ದರದ ಟಿಕೆಟ್ ಇತ್ತು, ಅಂದಿನ ಲೆಕ್ಕದಲ್ಲಿ ಸಾವಿರ ರೂಪಾಯಿಗೂ ಕಡಿಮೆ. ಅಲ್ಲಿ ದುಡಿಯಲು ಹೋದ ನಮ್ಮ ಕಡೆಯವರಿಗೂ ಕೈಗೆಟುಕುವ ದರ ಅದು. ಆಗಲೂ ಒಂದು ಫಾರ್ವರ್ಡ್ ಜಗತ್ತು ಸುತ್ತಿತ್ತು: ಅರ್ಜೆಂಟೀನಾ, ಇಂಗ್ಲೆಂಡ್ ಜರ್ಸಿ ಹಾಕಿ ಕುಣಿಯುತ್ತಿರುವ ಭಾರತೀಯರು ಹಣ ಪಡೆದು ಬಂದ ನಕಲಿ ಅಭಿಮಾನಿಗಳು ಎಂದು. ಅವರಲ್ಲಿ ಹಲವರು ಅಲ್ಲೇ ನೆಲೆಸಿದ್ದ ಕೇರಳದ ಫುಟ್ಬಾಲ್ ಹುಚ್ಚರು. ಟಿಕೆಟ್ ಅಗ್ಗವಾದಾಗ ಯಾರು ಬರುತ್ತಾರೆ ಅನ್ನುವುದು ನೋಡುವವರಿಗೆ ಹೊಸದಾಗಿ ಕಂಡಿತು, ಅಷ್ಟೇ.

ಈ ಸಲ ದರ ಇಷ್ಟು ಏರಲು ಮುಖ್ಯ ಕಾರಣ ಡೈನಾಮಿಕ್ ಪ್ರೈಸಿಂಗ್, ಅಂದರೆ ಬೇಡಿಕೆ ನೋಡಿಕೊಂಡು ದರ ಬದಲಿಸುವ ಪದ್ಧತಿ. ವಿಶ್ವಕಪ್‌ನಲ್ಲಿ ಇದು ಮೊದಲ ಸಲ. ನಮಗೇನೂ ಇದು ಹೊಸದಲ್ಲ. ದೀಪಾವಳಿಗೆ ಬೆಂಗಳೂರಿನಿಂದ ಹೊನ್ನಾಳಿಗೋ ನ್ಯಾಮತಿಗೋ ಬರಲು ಖಾಸಗಿ ಬಸ್ ಬುಕ್ ಮಾಡಿದವರಿಗೆ ಗೊತ್ತು. ರೈಲ್ವೆ ಇಲಾಖೆಯೂ 2016ರ ಸೆಪ್ಟೆಂಬರ್‌ನಿಂದ ರಾಜಧಾನಿ, ಶತಾಬ್ದಿ, ದುರಂತೊ ರೈಲುಗಳಲ್ಲಿ ಪ್ರತಿ 10% ಸೀಟು ತುಂಬಿದ ಹಾಗೆ ದರ 10% ಏರಿಸುವ ಪದ್ಧತಿ ತಂದಿತ್ತು.

ಬೇಡಿಕೆ ಇದ್ದರೆ ರೇಟು ಏರುವುದು ಸಹಜವಲ್ಲವೇ, ಅಡಿಕೆ ಧಾರಣೆ ಏರುವುದಿಲ್ಲವೇ ಅಂತ ನೀವು ಕೇಳಬಹುದು. ಚನ್ನಗಿರಿಯವರಿಗೆ ಈ ಪ್ರಶ್ನೆ ಬರಲೇಬೇಕು! ವ್ಯತ್ಯಾಸ ಇಲ್ಲಿದೆ. ಅಡಿಕೆ ಟೆಂಡರಿನಲ್ಲಿ ಕೊಳ್ಳುವವರು ಹಲವರು, ಮಾರುವವರೂ ಹಲವರು. ತುಮ್ಕೋಸ್‌ನಲ್ಲಿ ದರ ಹಿಡಿಸದಿದ್ದರೆ ರೈತ ಚೀಲ ಮನೆಗೆ ತಂದು ಮುಂದಿನ ತಿಂಗಳು ಕಾಯಬಹುದು, ಬೇರೆ ಮಂಡಿಗೂ ಹೋಗಬಹುದು. ವಿಶ್ವಕಪ್ಪಿಗೆ ಮಾರುವವರು ಒಬ್ಬರೇ. ಬೇರೆ ಅಂಗಡಿ ಇಲ್ಲ. ನಿಮ್ಮ ದೇಶದ ಪಂದ್ಯ ಜೂನ್ 20ಕ್ಕಿದ್ದರೆ ಜೂನ್ 20ಕ್ಕೇ ನೋಡಬೇಕು. ದರ ಎಷ್ಟಿದೆ, ಎಷ್ಟು ಸೀಟು ಉಳಿದಿದೆ, ಮುಂದೆ ಏರುತ್ತದೋ ಇಳಿಯುತ್ತದೋ ಎಂಬುದು ಮಾರುವವರಿಗೆ ಮಾತ್ರ ಗೊತ್ತು.

ಇಳಿದ ಉದಾಹರಣೆ ಕಣ್ಣ ಮುಂದೆಯೇ ಇದೆ. 2025ರ ಜುಲೈನಲ್ಲಿ ಅಮೆರಿಕದಲ್ಲೇ ನಡೆದ ಫಿಫಾ ಕ್ಲಬ್ ವಿಶ್ವಕಪ್‌ನಲ್ಲಿ ಚೆಲ್ಸಿ ಮತ್ತು ಫ್ಲುಮಿನೆನ್ಸ್ ತಂಡಗಳ ಸೆಮಿಫೈನಲ್‌ಗೆ 473.90 ಡಾಲರ್ ಇದ್ದ ಟಿಕೆಟ್, ಪಂದ್ಯ ಹತ್ತಿರ ಬಂದಂತೆ 13.40 ಡಾಲರ್‌ಗೆ ಬಿತ್ತು. 42 ಸಾವಿರ ರೂಪಾಯಿಯ ಸೀಟು 1,200ಕ್ಕೆ. ಮೊದಲೇ ಕೊಂಡವನ ಹೊಟ್ಟೆ ಉರಿಯದೆ ಇರುತ್ತದೆಯೇ? ಹೀಗೊಮ್ಮೆ ಆದ ಮೇಲೆ ಜನ ಮುಂದಿನ ಸಲ ಕೊನೆಯ ದಿನದವರೆಗೆ ಕಾಯುವುದನ್ನು ಕಲಿಯುತ್ತಾರೆ. ಜನ ಕಾದರೆ ಬುಕಿಂಗ್ ನಿಧಾನವಾಗುತ್ತದೆ. ಬುಕಿಂಗ್ ನಿಧಾನವಾದರೆ "ಅಭಿಮಾನಿಗಳು ಬೆನ್ನು ತಿರುಗಿಸಿದರು" ಎಂಬ ಸುದ್ದಿ ಹುಟ್ಟುತ್ತದೆ. ಅದರಲ್ಲಿ ಕೆಲವರು ನಿಜಕ್ಕೂ ಬಿಟ್ಟವರು, ಕೆಲವರು ಬರೀ ಕಾಯುತ್ತಿರುವವರು.

ಈಗ ಖಾಲಿ ಕುರ್ಚಿಯ ಫೋಟೋಕ್ಕೆ ಬರೋಣ. ಕ್ಯಾಮೆರಾಕ್ಕೆ ಎಲ್ಲ ಖಾಲಿ ಕುರ್ಚಿಯೂ ಒಂದೇ ಥರ ಕಾಣುತ್ತದೆ. ಆದರೆ ಮಾರಾಟವೇ ಆಗದ ಕುರ್ಚಿ ಬೇರೆ, ಕಂಪನಿಗಳು ತಮ್ಮ ಅತಿಥಿಗಳಿಗೆಂದು ಪಡೆದು ಅತಿಥಿಗಳು ಬಾರದೆ ಉಳಿದದ್ದು ಬೇರೆ. ಅದಲ್ಲದೆ ಟವೆಲ್ ಹಾಕಿದ ಕುರ್ಚಿ ಅಂತಲೂ ಒಂದಿದೆ. ಬಸ್ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಹಾಗೆ. ಲಾಭಕ್ಕೆ ಮಾರೋಣ ಎಂದು ಕೊಂಡವರು ಕೊನೆಗೆ ಗಿರಾಕಿ ಸಿಗದೆ ಕೂತರೆ ಆ ಸೀಟು ಲೆಕ್ಕದಲ್ಲಿ ಮಾರಾಟವಾಗಿದೆ, ಆದರೆ ಕೂರುವವರಿಲ್ಲ.

ಈ ಮೂರನೆಯದರಲ್ಲೇ ಅಸಲಿ ಸ್ವಾರಸ್ಯ ಇರುವುದು. ಟಿಕೆಟ್ ಮರುಮಾರಾಟಕ್ಕೆ ಫಿಫಾ ತನ್ನದೇ ತಾಣ ನಡೆಸುತ್ತದೆ. ಮಾರುವವರಿಂದ 15%, ಕೊಳ್ಳುವವರಿಂದ 15% ಶುಲ್ಕ. 1,000 ಡಾಲರ್‌ಗೆ ಮರುಮಾರಾಟವಾದರೆ ಕೊಂಡವರು ಕೊಡುವುದು 1,150, ಮಾರಿದವರ ಕೈಗೆ 850, ನಡುವಿನ 300 ಫಿಫಾಗೆ. ಟಿಕೆಟ್ ಮೊದಲ ಸಲ ಮಾರಿದಾಗ ಬಂದ ಹಣ ಬೇರೆ. ಹೀಗಿರುವಾಗ ಟಿಕೆಟ್ ಕೈ ಬದಲಿಸಿದಷ್ಟೂ ವ್ಯವಸ್ಥಾಪಕರಿಗೆ ಲಾಭ, ಕೊನೆಗೆ ಆ ಕುರ್ಚಿಯಲ್ಲಿ ಯಾರೂ ಕೂರದಿದ್ದರೂ ನಷ್ಟವಿಲ್ಲ. ಬೇರೆ ದಾರಿ ಇರಲಿಲ್ಲವೆಂದಲ್ಲ. ಮೆಕ್ಸಿಕೊದ ನಿವಾಸಿಗಳಿಗೆ ಕೊಂಡ ಬೆಲೆಗಿಂತ ಹೆಚ್ಚಿಗೆ ಮಾರುವಂತಿಲ್ಲ ಎಂಬ ಪ್ರತ್ಯೇಕ ವ್ಯವಸ್ಥೆಯನ್ನು ಫಿಫಾವೇ ಮಾಡಿದೆ.

ಫಿಫಾದ ವಾದವನ್ನೂ ಕೇಳಬೇಕು. ಅಮೆರಿಕದಲ್ಲಿ ಟಿಕೆಟ್ ಮರುಮಾರಾಟ ಸಾಮಾನ್ಯ, ನಾವು ಅಗ್ಗಕ್ಕೆ ಕೊಟ್ಟರೆ ಲಾಭ ದಲ್ಲಾಳಿಗಳ ಪಾಲಾಗುತ್ತದೆ, ನಮಗೆ ಬಂದ ಹಣ 211 ಸದಸ್ಯ ಸಂಸ್ಥೆಗಳ ಮೂಲಕ ಫುಟ್ಬಾಲ್‌ಗೇ ಹೋಗುತ್ತದೆ ಎನ್ನುತ್ತದೆ. ದಲ್ಲಾಳಿಗಳ ಮಾತು ತಳ್ಳಿಹಾಕುವಂಥದ್ದಲ್ಲ. ಆದರೆ ಮೆಕ್ಸಿಕೊದಲ್ಲಿ ಹಾಕಿದ ಕಡಿವಾಣವನ್ನು ಎಲ್ಲ ಕಡೆ ಯಾಕೆ ಹಾಕಲಿಲ್ಲ ಎಂಬುದಕ್ಕೆ ಈ ವಾದದಲ್ಲಿ ಉತ್ತರವಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಬಾರದವರೆಲ್ಲ ಬೆಲೆಗೆ ಹೆದರಿ ಬಾರದವರೂ ಅಲ್ಲ. ಇರಾನ್, ಹೈಟಿ ತಂಡಗಳು ಅರ್ಹತೆ ಪಡೆದವು. ಆದರೆ 2025ರ ಜೂನ್‌ನಲ್ಲಿ ಅಮೆರಿಕ ಹೊರಡಿಸಿದ ಪ್ರವೇಶ ನಿಷೇಧದ ಪಟ್ಟಿಯಲ್ಲಿ ಆ ಎರಡೂ ದೇಶಗಳಿದ್ದವು. ವಿನಾಯಿತಿ ಸಿಕ್ಕಿದ್ದು ಆಟಗಾರರಿಗೆ, ಅಭಿಮಾನಿಗಳಿಗಲ್ಲ. ಡಿಸೆಂಬರ್‌ನಲ್ಲಿ ಸೆನೆಗಲ್, ಐವರಿ ಕೋಸ್ಟ್ ಮೇಲೂ ಭಾಗಶಃ ನಿರ್ಬಂಧ ಬಂತು. ಅವರ ಜಾಗ ಖಾಲಿ ಕಂಡರೆ ಅದನ್ನು ಬಹಿಷ್ಕಾರ ಎನ್ನಲಾಗದು.

ಹಾಗಾದರೆ ಅಭಿಮಾನಿಗಳು ಬೆನ್ನು ತಿರುಗಿಸಿದರೆ ದರ ಇಳಿಯುತ್ತದೆಯೇ? ಇಳಿದದ್ದುಂಟು. 2016ರ ಫೆಬ್ರುವರಿ 6ರಂದು ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್ 77 ಪೌಂಡ್‌ನ ಟಿಕೆಟ್ ಘೋಷಿಸಿದ್ದಕ್ಕೆ, ಪಂದ್ಯದ ಸರಿಯಾಗಿ 77ನೇ ನಿಮಿಷಕ್ಕೆ ಸುಮಾರು 10 ಸಾವಿರ ಅಭಿಮಾನಿಗಳು ಎದ್ದು ಹೊರನಡೆದರು. ಕೆಲವೇ ದಿನಗಳಲ್ಲಿ ಮಾಲೀಕರು ಕ್ಷಮೆ ಕೇಳಿ ದರ ಏರಿಕೆ ಕೈಬಿಟ್ಟರು. ಅಲ್ಲಿ ಸಾಧ್ಯವಾದದ್ದು ಯಾಕೆಂದರೆ ಅವರೆಲ್ಲ ಒಂದೇ ಊರಿನ, ವರ್ಷವಿಡೀ ಅದೇ ಗ್ಯಾಲರಿಯಲ್ಲಿ ಕೂರುವ, ಒಬ್ಬರನ್ನೊಬ್ಬರು ಬಲ್ಲ ಜನ. ವಿಶ್ವಕಪ್ ಪ್ರೇಕ್ಷಕರು 48 ದೇಶಗಳಿಂದ ನಾಲ್ಕು ವರ್ಷಕ್ಕೊಮ್ಮೆ ಸೇರುವವರು. ಒಬ್ಬ ಬಿಟ್ಟರೆ ಇನ್ನೊಂದು ದೇಶದ ಹಣವಂತ ಕೊಳ್ಳುತ್ತಾನೆ.

ಆದರೂ ಡಿಸೆಂಬರ್‌ನ ಗಲಾಟೆಗೆ ಒಂದು ಫಲ ಸಿಕ್ಕಿತು. ಒಂದು ವಾರದೊಳಗೆ, ಡಿಸೆಂಬರ್ 16ರಂದು, ಫೈನಲ್ ಸೇರಿ ಎಲ್ಲ ಪಂದ್ಯಕ್ಕೂ 60 ಡಾಲರ್ ಟಿಕೆಟ್ ಇರುತ್ತದೆ ಎಂದು ಫಿಫಾ ಪ್ರಕಟಿಸಿತು. ಇದನ್ನೇ ಹಿಡಿದು ವಿಶ್ವಕಪ್ ಟಿಕೆಟ್ ಈಗ ಬರೀ 5,400 ರೂಪಾಯಿ ಎಂದು ಹೇಳಿದರೆ ನಂಬುವ ಮುನ್ನ ಲೆಕ್ಕ ಮಾಡಿ. ಒಂದು ಪಂದ್ಯದಲ್ಲಿ ಪ್ರತಿ ತಂಡದ ಸಂಸ್ಥೆಗೆ ಸಿಗುವುದು 8% ಸೀಟು. 60 ಡಾಲರ್ ದರ ಅದರಲ್ಲಿ 10%ಗೆ ಮಾತ್ರ. 70 ಸಾವಿರ ಸೀಟಿನ ಸ್ಟೇಡಿಯಂ ಆದರೆ ಒಂದು ತಂಡಕ್ಕೆ 5,600, ಅದರಲ್ಲಿ 560. ಎರಡೂ ತಂಡ ಸೇರಿ 1,120. ಉಳಿದ ಸುಮಾರು 69 ಸಾವಿರ ಸೀಟಿನ ದರ ಹಾಗೇ ಇದೆ. ಆ 560 ಕೂಡ ಹಂಚುವುದು ಆಯಾ ದೇಶದ ಫುಟ್ಬಾಲ್ ಸಂಸ್ಥೆ. ಭಾರತ ತಂಡ ಆಡುತ್ತಿಲ್ಲವಾದ್ದರಿಂದ ನಮಗೆ ಅಂಥ ಪಾಲು ಇಲ್ಲ.

ನಮ್ಮಲ್ಲಿ ಇದರ ಉಲ್ಟಾ ಕಂಡಿದ್ದೇವೆ. 2018ರ ಜೂನ್ 1ರಂದು ಮುಂಬೈಯಲ್ಲಿ ಭಾರತ ತಂಡ ಚೈನೀಸ್ ತೈಪೆಯನ್ನು 5-0ಯಿಂದ ಸೋಲಿಸಿದಾಗ ನೋಡಲು ಬಂದಿದ್ದವರು 2,569 ಮಂದಿ. ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ಮರುದಿನ ವಿಡಿಯೊ ಮಾಡಿ, ಬೈಯುವುದಕ್ಕಾದರೂ ಸ್ಟೇಡಿಯಂಗೆ ಬನ್ನಿ ಎಂಬರ್ಥದಲ್ಲಿ ಕೇಳಿಕೊಂಡರು. ಆ ವಿಡಿಯೊ ಫಾರ್ವರ್ಡ್ ಆಗಿ ಆಗಿ, ಜೂನ್ 4ರ ಕೀನ್ಯಾ ಪಂದ್ಯದ ಟಿಕೆಟ್ ಪೂರ್ತಿ ಖರ್ಚಾದವು. ಐದು ವರ್ಷದ ನಂತರ, 2023ರ ಜುಲೈ 4ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಸ್ಯಾಫ್ ಫೈನಲ್‌ನಲ್ಲಿ ಭಾರತ ಕುವೈತ್ ತಂಡವನ್ನು ಪೆನಾಲ್ಟಿಯಲ್ಲಿ ಮಣಿಸಿದಾಗ ಗ್ಯಾಲರಿ ತುಂಬಿತ್ತು.

ಕ್ರಿಕೆಟ್ಟಿಗೆ ಹೋಗುವವರಿಗೆ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಐಪಿಎಲ್ ಟಿಕೆಟ್ ಮೇಲಿನ ಜಿಎಸ್‌ಟಿ 28%ರಿಂದ 40%ಗೆ ಏರಿದೆ. 1,000 ರೂಪಾಯಿಯ ಟಿಕೆಟ್ 1,280 ಇದ್ದದ್ದು 1,400 ಆಗಿದೆ. ಮಾನ್ಯತೆ ಪಡೆದ ಇತರ ಕ್ರೀಡಾಕೂಟಗಳಿಗೆ 500 ರೂಪಾಯಿವರೆಗಿನ ಟಿಕೆಟ್ಟಿಗೆ ಜಿಎಸ್‌ಟಿ ಇಲ್ಲ, ಅದಕ್ಕೂ ಮೇಲಿದ್ದರೆ 18%.

ದರ ಏರಿದಾಗಲೇ ಮೋಸದ ಲಿಂಕೂ ಹೆಚ್ಚುತ್ತವೆ. ಕಡಿಮೆ ದರಕ್ಕೆ ವಿಶ್ವಕಪ್ ಟಿಕೆಟ್ ಎಂದು ಪಿಡಿಎಫ್ ಕಳಿಸಿದರೆ ಅದು ನಕಲಿ. ಈ ಸಲದ ಟಿಕೆಟ್ ಫಿಫಾ ಆ್ಯಪ್‌ನಲ್ಲಷ್ಟೇ ಇರುತ್ತದೆ. ಟಿಕೆಟ್ ಇದ್ದರೆ ವೀಸಾ ಗ್ಯಾರಂಟಿ ಎನ್ನುವುದೂ ಸುಳ್ಳು. ಟಿಕೆಟ್ ಕೊಂಡವರಿಗೆ ವೀಸಾ ಸಂದರ್ಶನದ ದಿನ ಬೇಗ ಕೊಡುವ ಏರ್ಪಾಡಿದೆ, ವೀಸಾ ಕೊಡುವುದು ಬಿಡುವುದು ಅಧಿಕಾರಿಗೆ ಬಿಟ್ಟದ್ದು. ಉಚಿತ ಲೈವ್ ನೋಡಲು ಎಪಿಕೆ ಫೈಲ್ ಇನ್‌ಸ್ಟಾಲ್ ಮಾಡಿ ಎಂಬ ಸಂದೇಶ ಬಂದರೆ ಮುಟ್ಟಬೇಡಿ. ಫೈನಲ್ ನಮ್ಮ ಸಮಯಕ್ಕೆ ಜುಲೈ 19 ಕಳೆದು ರಾತ್ರಿ 12.30ಕ್ಕೆ. ನಿದ್ದೆಗಣ್ಣಿನಲ್ಲಿ ಲಿಂಕ್ ಹುಡುಕುವ ಹೊತ್ತು ಅದು. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ಮುಂದಿನ ಖಾತೆಗೆ ಜಾರುವ ಮೊದಲೇ ಬ್ಯಾಂಕಿನಲ್ಲಿ ತಡೆಹಿಡಿಯುವ ಸಾಧ್ಯತೆ ಹೆಚ್ಚು.